ಜಗಲಿಯಲ್ಲಿ 55 ಇಂಚಿನ ಟಿ.ವಿ. ಇಡಲು ಎಂಥ ಸ್ಟ್ಯಾಂಡ್ ಸರಿಯಾದೀತು?

ಇಕ್ಕೇರಿ ಹಾದಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ನಮ್ಮ ಮನೆಗೆ ಹದಿನೈದು ದಿನಗಳ ಹಿಂದೆ 55 ಇಂಚಿನ ಟಿ.ವಿ. ತಂದಿದ್ದು, ಅದು ಈಗಲೂ ಪೆಟ್ಟಿಗೆಯೊಳಗೇ ಇದೆ. ಗೋಡೆಗೆ ತೂಗುಹಾಕುವುದೆಂದು ನಿಶ್ಚಯಿಸಿದ್ದೆವು; ಆದರೆ ಅಳವಡಿಸಲು ಬಂದ ಹುಡುಗನು ಒಂದು ತೂತು ಕೊರೆದಾಗ ಮೂರು ಇಂಚಿನವರೆಗೂ ಬರಿಯ ಕೆಮ್ಮಣ್ಣೇ ಉದುರಿತು. ಇದು ನಮ್ಮ ಮಾವನವರ ತಂದೆ ಕಟ್ಟಿಸಿದ ಮಣ್ಣುಗೋಡೆ, ಮೇಲೆ ಸುಣ್ಣದ ಗಾರೆ. ಭಾರ ಹೊರುವ ಭರವಸೆಯಿಲ್ಲವೆಂದು ಅವನು ಪ್ರಾಮಾಣಿಕವಾಗಿ ಹೇಳಿ, ತೂತು ಮುಚ್ಚಿ ಹೋದನು. ಹಾಗಾಗಿ ನೆಲದ ಮೇಲೆ ನಿಲ್ಲುವ ಸ್ಟ್ಯಾಂಡೇ ಗತಿ.

ನಮ್ಮ ಜಗಲಿ 14 ಅಡಿ ಉದ್ದ, 10 ಅಡಿ ಅಗಲ ಇದೆ. ಒಂದು ಉದ್ದದ ಮಗ್ಗುಲು ಪೂರ್ತಿ ಅಂಗಳಕ್ಕೆ ತೆರೆದಿದ್ದು, ಮರದ ಸರಳುಗಳಿವೆ. ನೆಲಕ್ಕೆ ಕೆಂಪು ರೆಡ್ ಆಕ್ಸೈಡ್ ಹಾಕಿದೆ. ಆಷಾಢದಲ್ಲಿ ಅದು ಬೆವರುತ್ತದೆ, ಬೆಳಗ್ಗೆ ಕಾಲಿಟ್ಟರೆ ಹೆಜ್ಜೆ ಮೂಡುವಷ್ಟು. ಮಾವನವರು ಆರಾಮಕುರ್ಚಿಯಲ್ಲಿ ಕುಳಿತು ವಾರ್ತೆ ನೋಡುತ್ತಾರೆ. ಅತ್ತೆಯವರು ಎಂದೂ ಕುರ್ಚಿಯ ಮೇಲೆ ಕುಳಿತವರಲ್ಲ. ಚಾಪೆಯ ಮೇಲೆ ಕುಳಿತು ಹೂ ಕಟ್ಟುತ್ತಲೋ, ಸುಗ್ಗಿಯಲ್ಲಿ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯುತ್ತಲೋ ಧಾರಾವಾಹಿ ನೋಡುವುದು ಅವರ ರೂಢಿ. ಇವರಿಬ್ಬರ ನಡುವೆ ಓಡಾಡುವ ಎರಡೂವರೆ ವರ್ಷದ ಮಗಳು ಇದ್ದಾಳೆ.

ನಮ್ಮ ಮುಂದೆ ಮೂರು ದಾರಿಗಳಿವೆ. ಪೇಟೆಯ ಅಂಗಡಿಯಲ್ಲಿ ಪಾರ್ಟಿಕಲ್ ಬೋರ್ಡಿನಿಂದ ಮಾಡಿದ, ನಾಲ್ಕು ಅಡಿ ಉದ್ದದ, ಹೊಳೆಯುವ ಬಿಳಿ ಸ್ಟ್ಯಾಂಡ್ ನೋಡಿದ್ದೇವೆ. ನನ್ನ ಪತಿಗೆ ಅದೇ ಒಪ್ಪಿಗೆಯಾಗಿದೆ. ಕಬ್ಬಿಣದ ಚೌಕಟ್ಟಿಗೆ ಹಲಗೆ ಕೂರಿಸಿದ ಸ್ಟ್ಯಾಂಡನ್ನು ಆನ್‌ಲೈನಿನಲ್ಲಿ ತರಿಸಬಹುದು. ಮೂರನೆಯದಾಗಿ, ಅಡುಗೆಮನೆಯ ಅಟ್ಟದಲ್ಲಿ ಹತ್ತು ವರ್ಷದಿಂದ ಇರುವ ಹಲಸಿನ ಹಲಗೆಗಳನ್ನು ಊರಿನ ಆಚಾರಿಗಳಿಗೆ ಕೊಟ್ಟು ಮಾಡಿಸಬಹುದು. ಯಾವುದನ್ನು ಆರಿಸಲಿ? ಎತ್ತರ ಎಷ್ಟಿರಬೇಕು? ನೋಟಕ್ಕಿಂತ ಬಾಳಿಕೆ ನನಗೆ ಮುಖ್ಯ. ಅತ್ತೆಯವರ ಕತ್ತು ನೋಯಬಾರದು ಎನ್ನುವುದು ಅದಕ್ಕಿಂತ ಮುಖ್ಯ.

ಅಳತೆಪಟ್ಟಿ

ನಮಸ್ಕಾರ. ಮೈಸೂರಿನಲ್ಲಿ ಮನೆಗಳ ಒಳಾಂಗಣ ವಿನ್ಯಾಸದ ಕೆಲಸ ಮಾಡುತ್ತೇನೆ. ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಸ್ಟ್ಯಾಂಡಿನ ಎತ್ತರ ನಿರ್ಧಾರವಾಗಬೇಕಾದದ್ದು ಕುಳಿತವರ ಕಣ್ಣಿನಿಂದ. ಅಂಗಡಿಯವರು ಟಿ.ವಿ.ಯ ಅಳತೆ ಕೇಳುತ್ತಾರೆಯೇ ಹೊರತು, ನೀವು ಯಾವುದರ ಮೇಲೆ ಕುಳಿತು ನೋಡುತ್ತೀರಿ ಎಂದು ಕೇಳುವುದಿಲ್ಲ.

55 ಇಂಚು ಎನ್ನುವುದು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಹಿಡಿದ ಅಳತೆ. ಪರದೆಯ ಅಗಲ ಸುಮಾರು 122 ಸೆಂ.ಮೀ., ಎತ್ತರ ಸುಮಾರು 69 ಸೆಂ.ಮೀ. ಇರುತ್ತದೆ. ಟಿ.ವಿ.ಯ ಕಾಲುಗಳು ಅದನ್ನು ಸ್ಟ್ಯಾಂಡಿನ ಮೇಲ್ಮೈಯಿಂದ ಸಾಮಾನ್ಯವಾಗಿ ಆರೇಳು ಸೆಂ.ಮೀ. ಮೇಲಕ್ಕೆ ಎತ್ತುತ್ತವೆ. ಅಂದರೆ ಸ್ಟ್ಯಾಂಡಿನ ಎತ್ತರಕ್ಕೆ ಸುಮಾರು 41 ಸೆಂ.ಮೀ. ಕೂಡಿಸಿದರೆ ಪರದೆಯ ನಡುಮಧ್ಯ ಸಿಗುತ್ತದೆ. ಆ ನಡುಮಧ್ಯ ನೋಡುವವರ ಕಣ್ಣಿನ ಮಟ್ಟಕ್ಕೆ ಹತ್ತಿರವಿದ್ದರೆ ಕತ್ತಿಗೆ ಶ್ರಮವಿಲ್ಲ. ಆರಾಮಕುರ್ಚಿಯಲ್ಲಿ ಒರಗಿದವರ ಕಣ್ಣು ನೆಲದಿಂದ ಸುಮಾರು 105 ಸೆಂ.ಮೀ. ಎತ್ತರದಲ್ಲಿದ್ದರೆ, ಚಾಪೆಯ ಮೇಲೆ ಕುಳಿತವರ ಕಣ್ಣು 70 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ಮಾವನವರೊಬ್ಬರಿಗೇ ಹೊಂದಿಸುವುದಾದರೆ 64 ಸೆಂ.ಮೀ. ಎತ್ತರದ ಸ್ಟ್ಯಾಂಡ್ ಬೇಕು, ಅತ್ತೆಯವರೊಬ್ಬರಿಗೇ ಆದರೆ 29. ಎರಡರ ನಡುವೆ 45 ಸೆಂ.ಮೀ. ಹಿಡಿದರೆ ಪರದೆಯ ಮಧ್ಯ 86 ಸೆಂ.ಮೀ. ಎತ್ತರದಲ್ಲಿ ಬರುತ್ತದೆ. ಎಂಟು ಅಡಿ ದೂರದಿಂದ ಮಾವನವರು ನಾಲ್ಕು ಡಿಗ್ರಿಯಷ್ಟು ಕೆಳಕ್ಕೂ, ಅತ್ತೆಯವರು ಹೆಚ್ಚುಕಡಿಮೆ ಅಷ್ಟೇ ಮೇಲಕ್ಕೂ ನೋಡಿದಂತಾಗುತ್ತದೆ. ಇದು ಯಾರಿಗೂ ತೊಂದರೆ ಕೊಡುವ ಓರೆಯಲ್ಲ. ಎತ್ತರದಲ್ಲಿ ತುಸು ತಪ್ಪಲೇಬೇಕಾದರೆ ತಗ್ಗಿನ ಕಡೆಗೇ ತಪ್ಪಿರಿ; ಕಣ್ಣು ಕೆಳಕ್ಕೆ ಸಲೀಸಾಗಿ ಹೊರಳುತ್ತದೆ, ಮೇಲಕ್ಕೆ ನೋಡಬೇಕಾದಾಗ ಮಾತ್ರ ಕತ್ತು ಹಿಂದಕ್ಕೆ ವಾಲುತ್ತದೆ. ಟಿ.ವಿ.ಯನ್ನು ಗೋಡೆಯ ನೆತ್ತಿಗೆ ಏರಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಏಕೆ ಬೇರೂರಿತೋ ತಿಳಿಯದು. ನನ್ನ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ತಿದ್ದಿಸಿದ ತಪ್ಪು ಅದೇ.

ಉದ್ದದ ವಿಷಯ. ನಾಲ್ಕು ಅಡಿ ಎಂದರೆ 122 ಸೆಂ.ಮೀ., ಅಂದರೆ ನಿಮ್ಮ ಪರದೆಯಷ್ಟೇ. ಈಗಿನ ಟಿ.ವಿ.ಗಳಲ್ಲಿ ಹೆಚ್ಚಿನವಕ್ಕೆ ನಡುವೆ ಒಂದೇ ಪೀಠವಿರದೆ, ಎರಡು ತುದಿಗಳಿಗೆ ಎರಡು ಕಾಲುಗಳಿರುತ್ತವೆ. ಅವುಗಳ ನಡುವಿನ ಅಂತರ ಒಂದು ಮೀಟರು ದಾಟಿದರೆ, ಆ ಬಿಳಿ ಸ್ಟ್ಯಾಂಡಿನಲ್ಲಿ ಕಾಲುಗಳು ಅಂಚಿನಿಂದ ಹನ್ನೊಂದು ಸೆಂ.ಮೀ. ಒಳಗೂ ಇರುವುದಿಲ್ಲ. ದಯವಿಟ್ಟು ಪೆಟ್ಟಿಗೆ ತೆರೆದು ಆ ಅಂತರವನ್ನು ಅಳೆಯಿರಿ. ಐದು ಅಡಿಗಿಂತ ಕಡಿಮೆ ಉದ್ದದ ಸ್ಟ್ಯಾಂಡನ್ನು ನಾನು ಒಪ್ಪುವುದಿಲ್ಲ. ಐದೂವರೆ ಅಡಿಯಿದ್ದರೆ ಎರಡೂ ಬದಿಗೆ ಉಸಿರಾಡಲು ಜಾಗವಿರುತ್ತದೆ. ಆಳ 40ರಿಂದ 45 ಸೆಂ.ಮೀ. ಸಾಕು.

ಇನ್ನೊಂದು ಮಾತು: ಅಂಗಳದ ಬೆಳಕು ನೇರವಾಗಿ ಬೀಳುವ ಎದುರು ಗೋಡೆಗೆ ಸ್ಟ್ಯಾಂಡ್ ಇಡಬೇಡಿ. ಹಗಲಿನಲ್ಲಿ ಪರದೆಯ ತುಂಬ ನಿಮ್ಮ ಸರಳುಗಳ ಪ್ರತಿಬಿಂಬವೇ ಕಾಣಿಸುತ್ತದೆ. 10 ಅಡಿಯ ಪಕ್ಕದ ಗೋಡೆಯೇ ಸರಿಯಾದ ಜಾಗ.

ದುರಸ್ತಿ ಮೇಜು

ಶಿವಮೊಗ್ಗದಲ್ಲಿ ಇಪ್ಪತ್ತೆರಡು ವರ್ಷದಿಂದ ಟಿ.ವಿ. ದುರಸ್ತಿ ಮಾಡುತ್ತಿದ್ದೇನೆ. ಎತ್ತರದ ಲೆಕ್ಕವನ್ನು ಮೇಲಿನವರು ಚೆನ್ನಾಗಿ ತಿಳಿಸಿದ್ದಾರೆ. ನಾನು ಹೇಳುವುದು ಸ್ಟ್ಯಾಂಡಿನ ಹಿಂಭಾಗದ ವಿಷಯ. ಅದನ್ನು ಕೊಳ್ಳುವಾಗ ಯಾರೂ ನೋಡುವುದಿಲ್ಲ.

ನಮ್ಮ ಕಡೆ ಏಪ್ರಿಲ್, ಮೇ ತಿಂಗಳುಗಳ ಗುಡುಗು ಮಳೆಯಲ್ಲಿ ನನ್ನ ಅಂಗಡಿಗೆ ಬರುವ ಟಿ.ವಿ.ಗಳಲ್ಲಿ ಬಹುಪಾಲು ಸಿಡಿಲಿನಿಂದ ಕೆಟ್ಟವು. ಸ್ವಿಚ್ ಆರಿಸಿದ್ದೆವಲ್ಲ ಎಂದು ಮನೆಯವರು ಕೇಳುತ್ತಾರೆ. ಗೋಡೆಯ ಸ್ವಿಚ್ ಒಂದು ತಂತಿಯನ್ನು ಮಾತ್ರ ಕಡಿಯುತ್ತದೆ, ಇನ್ನೊಂದು ಜೋಡಿಸಿಕೊಂಡೇ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಾಡಿನ ಮೇಲಿನ ಡಿಶ್ಶಿನಿಂದ ಇಳಿದ ಕೇಬಲ್ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ತಂತಿಯ ಮೂಲಕ ಟಿ.ವಿ.ಗೆ ದಾರಿ ಮಾಡಿಕೊಡುತ್ತದೆ. ಆದ್ದರಿಂದ ಮೋಡ ಕಟ್ಟಿದ ಕೂಡಲೇ, ಗುಡುಗು ಹತ್ತಿರವಾಗುವ ಮೊದಲೇ, ಪ್ಲಗ್ಗನ್ನೂ ಡಿಶ್ಶಿನ ಕೇಬಲನ್ನೂ ಕೀಳಬೇಕು. ಸಿಡಿಲು ಹೊಡೆಯುತ್ತಿರುವಾಗ ಕೇಬಲ್ ಮುಟ್ಟಬಾರದು. ನಿಮ್ಮ ಅತ್ತೆಯವರು ಒಬ್ಬರೇ ಮನೆಯಲ್ಲಿದ್ದಾಗಲೂ ಬಗ್ಗದೆ, ಸ್ಟ್ಯಾಂಡನ್ನು ಎಳೆಯದೆ ಅವು ಕೈಗೆ ಸಿಗಬೇಕು. ಪ್ಲಗ್ ಸ್ಟ್ಯಾಂಡಿನ ಬೆನ್ನಿನ ಹಿಂದೆ ಅಡಗುವಂತಿದ್ದರೆ ಎಷ್ಟೇ ಚೆಂದದ ಸ್ಟ್ಯಾಂಡಾದರೂ ಮಲೆನಾಡಿಗೆ ಸಲ್ಲದು. ಸಾಕೆಟ್ಟನ್ನು ಸ್ಟ್ಯಾಂಡಿನ ಪಕ್ಕಕ್ಕೆ, ಮಗುವಿಗೆ ಎಟುಕದ ಎತ್ತರದಲ್ಲಿ ಹಾಕಿಸಿ.

ಸೆಟ್‌ಟಾಪ್ ಬಾಕ್ಸನ್ನು ಬಾಗಿಲಿರುವ ಗೂಡಿನಲ್ಲಿ ಇಡಬೇಡಿ. ಅದು ಸದಾ ಬಿಸಿಯಾಗಿರುತ್ತದೆ. ಮಳೆಗಾಲದಲ್ಲಿ ಆ ಬೆಚ್ಚಗಿನ ಕತ್ತಲೆಗೆ ಇರುವೆ, ಜಿರಲೆ, ಹಲ್ಲಿಗಳು ಸೇರಿಕೊಳ್ಳುತ್ತವೆ. ಬೋರ್ಡಿನ ಮೇಲೆ ಸುಟ್ಟು ಸತ್ತ ಹಲ್ಲಿಯನ್ನು ನಾನು ಎಷ್ಟೋ ಸಲ ಕಿತ್ತು ತೆಗೆದಿದ್ದೇನೆ. ರಿಮೋಟಿನ ಕಿರಣವೂ ಮರದ ಬಾಗಿಲನ್ನು ದಾಟುವುದಿಲ್ಲ. ಮುಂದೆ ಹಿಂದೆ ಎರಡೂ ತೆರೆದ ಗೂಡು ಬೇಕು, ಗೋಡೆಗೂ ಸ್ಟ್ಯಾಂಡಿಗೂ ನಡುವೆ ನಾಲ್ಕು ಬೆರಳು ಗಾಳಿಯಾಡಬೇಕು. ಮುಂದೆ ಸೌಂಡ್‌ಬಾರ್ ಕೊಳ್ಳುವ ಆಲೋಚನೆಯಿದ್ದರೆ ಅದು ಪರದೆಯ ಕೆಳಗಿನ ರಿಮೋಟ್ ಸಂವೇದಕವನ್ನು ಮುಚ್ಚುತ್ತದೆಯೇ ಎಂದು ನೋಡಿಕೊಳ್ಳಿ. ಮುಚ್ಚುವಂತಿದ್ದರೆ ಅದಕ್ಕೆ ಕೆಳಗಿನ ಅಂತಸ್ತಿನಲ್ಲಿ ಜಾಗ ಬಿಡಿ.

ಮೂರನೇ ಮಹಡಿ

ಧಾರವಾಡದಿಂದ ಬರೆಯುತ್ತಿದ್ದೇನೆ. ನಿಮ್ಮ ಪತಿಯವರು ಮೆಚ್ಚಿದಂಥ ಸ್ಟ್ಯಾಂಡನ್ನೇ ನಾವು ನಾಲ್ಕು ವರ್ಷದ ಹಿಂದೆ ತಂದಿದ್ದೆವು. ನೋಡಲು ಬಹಳ ಚಂದವಿತ್ತು. ಆದರೆ ದಿನಾಲೂ ನೆಲ ಒರೆಸುವಾಗ ಒದ್ದೆ ಬಟ್ಟೆ ಅದರ ಬುಡಕ್ಕೆ ತಾಗುತ್ತಿತ್ತು. ಎರಡನೆಯ ವರ್ಷಕ್ಕೆ ಬುಡ ರೊಟ್ಟಿಯಂತೆ ಉಬ್ಬಿತು, ಅಂಚಿಗೆ ಅಂಟಿಸಿದ ಪಟ್ಟಿ ಬಿಟ್ಟುಕೊಂಡಿತು, ಸ್ಕ್ರೂಗಳು ಸಡಿಲವಾದವು. ಬಿಗಿ ಮಾಡಲು ಹೋದರೆ ಒಳಗೆ ಪುಡಿಯೇ ಹೊರತು ಹಿಡಿತವಿಲ್ಲ. ನಿಮ್ಮಲ್ಲಿಗಿಂತ ಒಣ ಹವೆಯ ನಮ್ಮೂರಿನಲ್ಲೇ ಹೀಗಾದರೆ, ಬೆವರುವ ನೆಲದ ಮೇಲೆ ಅದು ಎಷ್ಟು ದಿನ ತಡೆದೀತು?

ಆದರೆ 45 ಸೆಂ.ಮೀ. ಎತ್ತರಕ್ಕೆ ನನ್ನ ಪೂರ್ಣ ಒಪ್ಪಿಗೆಯಿಲ್ಲ. ಎರಡೂವರೆ ವರ್ಷದ ಮಗುವಿಗೆ ಅದು ಎದೆಮಟ್ಟವೂ ಅಲ್ಲ. ಎರಡೂ ಕೈಯಿಂದ ಪರದೆ ಹಿಡಿದು ಜಗ್ಗಲು ತಕ್ಕ ಎತ್ತರ. ನನ್ನ ಮಗ ಕೆಳಗಿನ ಡ್ರಾವರನ್ನು ಎಳೆದು, ಅದನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿದ್ದ. ಪಕ್ಕದಲ್ಲೇ ಇದ್ದ ನಮ್ಮ ಅವ್ವ ಟಿ.ವಿ.ಯನ್ನು ಹಿಡಿದುಕೊಂಡರು; ಇಲ್ಲದಿದ್ದರೆ ಅದು ಅವನ ಮೇಲೆಯೇ ಬೀಳುತ್ತಿತ್ತು. ಆ ದಿನ ನೆನೆದರೆ ಈಗಲೂ ಕೈ ನಡುಗುತ್ತದೆ. ಎಷ್ಟು ಎತ್ತರದ್ದಾದರೂ ಮಾಡಿಸಿ, ಆದರೆ ಡ್ರಾವರು ಬೇಡ, ಮತ್ತು ಟಿ.ವಿ.ಯನ್ನು ಸ್ಟ್ಯಾಂಡಿಗೆ ಕಟ್ಟದೆ ಒಂದು ದಿನವೂ ಇಡಬೇಡಿ.

ಉಳಿ ಬಾಚಿ

ಕಾರ್ಕಳದವನು, ಮರದ ಕೆಲಸ ನಮ್ಮ ಮನೆತನದ ಕಸುಬು. ನಿಮ್ಮ ಅಟ್ಟದಲ್ಲಿ ಹಲಸಿನ ಹಲಗೆ ಇರುವಾಗ ಬೇರೆ ಎರಡು ದಾರಿಗಳನ್ನು ಯೋಚಿಸುವ ಅಗತ್ಯವೇ ಇಲ್ಲ ಎನ್ನುತ್ತೇನೆ. ವೀಣೆಗೂ ಮೃದಂಗಕ್ಕೂ ಹಿರಿಯರು ಹಲಸನ್ನೇ ಆರಿಸಿದ್ದು ಸುಮ್ಮನೆ ಅಲ್ಲ. ಅದು ಹದವಾಗಿ ಒಣಗಿದ ಮೇಲೆ ಸುಲಭಕ್ಕೆ ಸೊಟ್ಟಗಾಗುವುದಿಲ್ಲ, ಕೆಚ್ಚಿಗೆ, ಅಂದರೆ ಮರದ ಗಟ್ಟಿ ಒಳಭಾಗಕ್ಕೆ, ಒರಲೆ (ಗೆದ್ದಲು) ಬೇಗ ಹತ್ತುವುದಿಲ್ಲ, ಉಳಿಗೂ ಒಗ್ಗುತ್ತದೆ. ಮೊದಲು ಹಳದಿಯಾಗಿ ಕಾಣುವ ಬಣ್ಣ ವರ್ಷಗಳು ಕಳೆದಂತೆ ಜೇನಿನಂತಾಗಿ, ಕಡೆಗೆ ಕಂದಾಗುತ್ತದೆ. ನಿಮ್ಮ ಕೆಂಪು ನೆಲದ ಮೇಲೆ ಅದು ಹೇಗೆ ಒಪ್ಪುತ್ತದೆ ಎನ್ನುವುದನ್ನು ನಾನು ಇಲ್ಲಿಂದಲೇ ಕಾಣಬಲ್ಲೆ.

ಒಂದೇ ಎಚ್ಚರಿಕೆ: ಹಲಗೆಯ ಅಂಚಿನಲ್ಲಿ ಬಿಳಿಚಿಕೊಂಡ ಪಟ್ಟಿಯಿದ್ದರೆ ಅದನ್ನು ದಾಕ್ಷಿಣ್ಯವಿಲ್ಲದೆ ಕತ್ತರಿಸಿ ತೆಗೆಸಿ. ಹುಳು ಬರುವುದು ಆ ಬಿಳಿಯ ಭಾಗಕ್ಕೆ. ಅಗಲ ಕಡಿಮೆಯಾಗುತ್ತದೆಂದು ಅದನ್ನು ಉಳಿಸಿಕೊಂಡರೆ, ಎರಡು ವರ್ಷಕ್ಕೆ ಸ್ಟ್ಯಾಂಡಿನ ಕೆಳಗೆ ಹಿಟ್ಟಿನಂಥ ಪುಡಿ ಬೀಳಲು ಶುರುವಾಗುತ್ತದೆ.

ಕಾಲುಗಳು ಚೌಕವಾಗಿ ಎರಡೂವರೆ ಇಂಚು ದಪ್ಪವಿರಲಿ. ಕೆಳಗಿನ ಅಂತಸ್ತು ನೆಲದಿಂದ ಆರು ಇಂಚಾದರೂ ಮೇಲಿರಬೇಕು, ಆಗ ಹಿಡಿಸೂಡಿ ಸಲೀಸಾಗಿ ಒಳಗೆ ಹೋಗುತ್ತದೆ, ಒರಲೆಯ ಮಣ್ಣಿನ ಗೆರೆ ಎದ್ದರೂ ಗುಡಿಸುವಾಗಲೇ ಕಣ್ಣಿಗೆ ಬೀಳುತ್ತದೆ. ಪ್ರತಿ ಕಾಲಿನ ಅಡಿಗೂ ಅಂಗೈಯಗಲದ ಕಡಪ ಕಲ್ಲಿನ ತುಂಡನ್ನು ಇಡಿ. ಬೆವರುವ ನೆಲದ ನೀರು ಮರದ ತುದಿಯಿಂದಲೇ ಮೇಲಕ್ಕೆ ಏರುತ್ತದೆ, ಅದನ್ನು ತಡೆಯಲು ಅಷ್ಟು ಸಾಕು. ಐದೂವರೆ ಅಡಿ ಉದ್ದಕ್ಕೆ ನಡುವೆ ಒಂದು ಆಧಾರ ಕೊಡಿಸಿ. ಟಿ.ವಿ. ಹದಿನೈದು ಕೆ.ಜಿ.ಯ ಆಸುಪಾಸಿನದು, ಒಂದು ಇಂಚಿನ ಹಲಸಿಗೆ ಅದು ಭಾರವೇ ಅಲ್ಲ, ಆದರೂ ವರ್ಷಾನುಗಟ್ಟಲೆ ಹೊತ್ತ ಹಲಗೆ ನಡುವಿನಲ್ಲಿ ಜೋಲುವುದುಂಟು.

ಮೇಲಿನ ಹಲಗೆಯನ್ನು ಚೌಕಟ್ಟಿಗೆ ಅಂಟು ಹಾಕಿ ಬಿಗಿಯಲು ಬಿಡಬೇಡಿ. ಗಟ್ಟಿಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಅಡಿಯಿಂದ ಸ್ಕ್ರೂ ಹಾಕುವಾಗ ತೂತನ್ನು ಅಗಲದ ದಿಕ್ಕಿಗೆ ಸ್ವಲ್ಪ ಉದ್ದ ಕೊರೆದರೆ ಹಲಗೆ ತನ್ನಷ್ಟಕ್ಕೆ ಆಡಿಕೊಂಡಿರುತ್ತದೆ, ಸೀಳುವುದಿಲ್ಲ. ನಿಮ್ಮ ಊರಿನ ಆಚಾರಿಗಳಿಗೆ ಇದು ತಿಳಿದೇ ಇರುತ್ತದೆ. ಆದರೆ ಅವಸರ ಮಾಡಿದರೆ ಯಾರಾದರೂ ಅಂಟಿಗೇ ಕೈ ಹಾಕುತ್ತಾರೆ, ಆದ್ದರಿಂದ ಅವರಿಗೆ ಸಮಯ ಕೊಡಿ.

ಮಗುವಿನ ವಿಷಯದಲ್ಲಿ ಧಾರವಾಡದ ಅಕ್ಕನವರ ಮಾತು ನೂರಕ್ಕೆ ನೂರು ಸರಿ. ಟಿ.ವಿ.ಯ ಬೆನ್ನಿನಲ್ಲಿ ಗೋಡೆಗೆ ಹಾಕಲೆಂದು ಇರುವ ನಾಲ್ಕು ತೂತುಗಳಲ್ಲಿ ಎರಡಕ್ಕೆ ಪಟ್ಟಿ ಬಿಗಿದು, ಇನ್ನೊಂದು ತುದಿಯನ್ನು ಸ್ಟ್ಯಾಂಡಿನ ಹಿಂದಿನ ಅಡ್ಡಪಟ್ಟಿಗೆ ಸ್ಕ್ರೂ ಮಾಡಿ. ಆಗ ಮಗು ಜಗ್ಗಿದರೆ ಟಿ.ವಿ. ಒಂದೇ ಮಗುಚುವುದಿಲ್ಲ, ಇಡೀ ಸ್ಟ್ಯಾಂಡನ್ನು ಉರುಳಿಸಬೇಕಾಗುತ್ತದೆ, ಅದು ಅಷ್ಟು ಸಣ್ಣ ಕೈಗಳಿಂದ ಆಗುವ ಕೆಲಸವಲ್ಲ. ಪ್ಲೈವುಡ್ಡಿನ ಹಗುರ ಪೆಟ್ಟಿಗೆಗಿಂತ ಭಾರದ ಗಟ್ಟಿಮರ ಬೇಕೆನ್ನಲು ಇದೂ ಒಂದು ಕಾರಣ.

ಇಕ್ಕೇರಿ ಹಾದಿ

ನಿಮ್ಮೆಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ಸಂಜೆ ಟೇಪು ಹಿಡಿದು ಕುಳಿತೆ. ಅತ್ತೆಯವರ ಕಣ್ಣು 68 ಸೆಂ.ಮೀ., ಮಾವನವರದು 106. ಟಿ.ವಿ.ಯ ಕಾಲುಗಳ ನಡುವಿನ ಅಂತರ 104 ಸೆಂ.ಮೀ. ಇದೆ, ಇದನ್ನು ತೋರಿಸಿದ ಮೇಲೆ ನನ್ನ ಪತಿ ತಾವಾಗಿಯೇ ಬಿಳಿ ಸ್ಟ್ಯಾಂಡಿನ ಆಸೆ ಬಿಟ್ಟರು.

ಹಲಗೆ ನೋಡಲು ಅಟ್ಟ ಹತ್ತಿದಾಗ ಇನ್ನೊಂದು ವಸ್ತು ಸಿಕ್ಕಿತು. ಮಾವನವರು 1980ರ ದಶಕದಲ್ಲಿ ಮೊದಲ ಕಪ್ಪು ಬಿಳುಪು ಟಿ.ವಿ. ತಂದಾಗ ಮಾಡಿಸಿದ ತೇಗದ ಪೆಟ್ಟಿಗೆ ಅದು. ಮುಂದೆ ಎರಡೂ ಬದಿಗೆ ಸರಿಯುವ ಶಟರು, ಅದಕ್ಕೊಂದು ಬೀಗ. ಅಗಲ 85, ಆಳ 58, ಎತ್ತರ 70 ಸೆಂ.ಮೀ. ಆಗ ವಾರಕ್ಕೊಂದು ಸಿನಿಮಾಕ್ಕೆ ಊರಿನವರೆಲ್ಲ ಇದೇ ಜಗಲಿಗೆ ಬರುತ್ತಿದ್ದರೆಂದು ಅತ್ತೆಯವರು ಹೇಳಿದರು. ಇದನ್ನು ಬಿಚ್ಚಿ ಹೊಸ ಸ್ಟ್ಯಾಂಡಿಗೆ ಮರ ಬಳಸಿಕೊಳ್ಳೋಣವೇ ಎಂದು ಮಾವನವರು ಕೇಳುತ್ತಿದ್ದಾರೆ. ಉಳಿ ಬಾಚಿಯವರು ದಯವಿಟ್ಟು ತಿಳಿಸಬೇಕು. ಎತ್ತರವನ್ನು 45ಕ್ಕೇ ನಿಲ್ಲಿಸಲೇ, ಮಗಳಿಗಾಗಿ ಏರಿಸಲೇ?

ಉಳಿ ಬಾಚಿ

ದಯವಿಟ್ಟು ಬಿಚ್ಚಬೇಡಿ. ಶಟರಿನ ಸಣ್ಣ ಪಟ್ಟಿಗಳನ್ನು ಬಟ್ಟೆಗೆ ಅಂಟಿಸಿ, ಕೊರೆದ ತೋಡಿನಲ್ಲಿ ಸರಿಯುವಂತೆ ಕೂರಿಸುವ ಆ ಕೆಲಸವನ್ನು ಈಗ ಮಾಡುವವರು ನಮ್ಮ ಕಡೆ ಬಹಳ ಕಡಿಮೆ. ಪಿಕ್ಚರ್ ಟ್ಯೂಬಿನ ಹಿಂಬದಿ ಉದ್ದವಾಗಿದ್ದರಿಂದ ಅದಕ್ಕೆ ಅಷ್ಟು ಆಳ ಕೊಟ್ಟಿದ್ದಾರೆ, ಹೊಸ ಟಿ.ವಿ.ಗೆ ಆ ಆಳ ಬೇಡ, ಅಗಲ ಸಾಲದು. ಬಿಚ್ಚಿದರೂ ಸಿಗುವುದು ಗಿಡ್ಡ ತುಂಡುಗಳೇ, ಐದೂವರೆ ಅಡಿಗೆ ಒಂದೂ ಮುಟ್ಟುವುದಿಲ್ಲ. ಅದನ್ನು ಒರೆಸಿ, ಎಣ್ಣೆ ಸವರಿ, ಅದೇ ಜಗಲಿಯ ಇನ್ನೊಂದು ಮೂಲೆಯಲ್ಲಿಡಿ; ಮಗಳ ಪುಸ್ತಕ ಆಟಿಕೆಗಳಿಗೆ ಆಯಿತು. ಹೊಸ ಸ್ಟ್ಯಾಂಡಿನಲ್ಲಿ ಬಾಗಿಲೂ ಡ್ರಾವರೂ ಇಲ್ಲದ ಕೊರತೆಯನ್ನು ಅದೇ ತುಂಬುತ್ತದೆ.

ಎತ್ತರವನ್ನು 48 ಸೆಂ.ಮೀ. ಮಾಡಿಸಿ. ಅತ್ತೆಯವರ ಕತ್ತಿಗೆ ಮೂರು ಸೆಂ.ಮೀ.ನಿಂದ ತೊಂದರೆಯಾಗದು. ಮಗಳ ಕೈಗೆ ಎಟುಕದಂತೆ ಮಾಡುವ ಕೆಲಸವನ್ನು ಎತ್ತರಕ್ಕಿಂತ ಆಳಕ್ಕೆ ವಹಿಸಿ: ಮೇಲಿನ ಹಲಗೆ 45 ಸೆಂ.ಮೀ. ಅಗಲವಿರಲಿ, ಟಿ.ವಿ.ಯ ಕಾಲುಗಳನ್ನು ಹಿಂದಿನ ಅಂಚಿಗೆ ಆದಷ್ಟು ಹತ್ತಿರ ಇಡಿ, ಪಟ್ಟಿ ಬಿಗಿಯಿರಿ. ಮುಂದೆ ಉಳಿಯುವ ಜಾಗವೇ ಅವಳಿಗೂ ಪರದೆಗೂ ನಡುವಿನ ಅಂತರ.

ಮರದ ಲೆಕ್ಕ ನೋಡಿದರೆ ಮೇಲ್ಹಲಗೆ, ಕೆಳಗಿನ ಅಂತಸ್ತು, ಕಾಲು, ಅಡ್ಡಪಟ್ಟಿ, ವ್ಯರ್ಥವಾಗುವ ತುಂಡು ಎಲ್ಲ ಸೇರಿ ಎರಡರಿಂದ ಎರಡೂವರೆ ಘನ ಅಡಿ ಬೇಕಾದೀತು. ಹಲಗೆ ಒಂದಡಿ ಅಗಲದವಾದರೆ ಎರಡನ್ನು ಅಗಲಕ್ಕೆ ಜೋಡಿಸಲಿ; ಆ ಒಂದು ಜಾಗದಲ್ಲಿ ಅಂಟು ಹಾಕಲು ಅಡ್ಡಿಯಿಲ್ಲ.

ಒಂದು ಮಾತು ಮೊದಲೇ ಹೇಳಬೇಕಾಗಿತ್ತು. ಅಡುಗೆಮನೆಯ ಅಟ್ಟದಲ್ಲಿ ಒಲೆಯ ಬಿಸಿಗೂ ಹೊಗೆಗೂ ಹತ್ತು ವರ್ಷ ಇದ್ದ ಹಲಗೆ ಅತಿಯಾಗಿ ಒಣಗಿರುತ್ತದೆ. ಇಳಿಸಿದ ಮರುದಿನವೇ ಕೀಸಿ ಜೋಡಿಸಿದರೆ, ಜಗಲಿಯ ಹವೆಗೆ ಅದು ತೇವ ಹೀರಿ ಹಿಗ್ಗಿ, ಬಿಗಿಯಾಗಿ ಕೂರಿಸಿದ ಜೋಡಣೆಯನ್ನೇ ತಳ್ಳುತ್ತದೆ. ಈ ವಾರವೇ ಹಲಗೆಗಳನ್ನು ಇಳಿಸಿ, ಸ್ಟ್ಯಾಂಡ್ ನಿಲ್ಲಬೇಕಾದ ಗೋಡೆಯ ಪಕ್ಕದಲ್ಲೇ, ನಡುನಡುವೆ ಅಡಿಕೆ ದಬ್ಬೆಯ ತುಂಡು ಕೊಟ್ಟು ಒಂದರ ಮೇಲೊಂದು ಪೇರಿಸಿಡಿ. ಮೂರು ವಾರ ಹಾಗೆಯೇ ಇರಲಿ. ಆಮೇಲೆ ಆಚಾರಿಗಳನ್ನು ಕರೆಯಿರಿ. ಕೊನೆಗೆ ಎಣ್ಣೆಯೋ ಪಾಲಿಶ್ಶೋ ಹಾಕುವಾಗ ಹಲಗೆಯ ಅಡಿಭಾಗಕ್ಕೂ ಮೇಲ್ಭಾಗದಷ್ಟೇ ಹಾಕಲು ಹೇಳಿ. ಒಂದೇ ಮುಖಕ್ಕೆ ಹಾಕಿದರೆ ಇನ್ನೊಂದು ಮುಖ ಮಾತ್ರ ತೇವ ಹೀರಿ, ಹಲಗೆ ದೋಣಿಯಂತೆ ಬಾಗುತ್ತದೆ.